ಬಿದ್ದದ್ದು ಸ್ಕೋಪ್, ಮುರಿದದ್ದು ಸ್ಕ್ರೂ

ಕೋವಿಯ ಮೇಲೆ ಕೂರುವ ಗುರಿ ದುರ್ಬೀನು, ಅಂದರೆ ನನ್ನ ಸ್ಕೋಪ್, ಬಿದ್ದು ಪೆಟ್ಟಾದಾಗ ಕಸಕ್ಕೆ ಹಾಕಿ ಹೊಸದು ತೆಗೆದುಕೋ ಎಂದು ಮೂವರು ಹೇಳಿದ್ದರು. ಅದೇ ಸ್ಕೋಪಿನಲ್ಲಿ ಈ ಸಲ ಜಿಂಕೆ ಹೊಡೆದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಲೆನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಎಂದರೆ ಅಜ್ಜನ ಕಥೆ ಅಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪರವಾನಗಿ ಪಡೆದು, ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೊರಡಬಹುದು. ಹಿಂದಿನ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ, ಅಲ್ಲಿನ ಪಾಟರ್ ಕೌಂಟಿಯಲ್ಲಿ ಹಳ್ಳ ದಾಟುವಾಗ ಪಾಚಿಗಲ್ಲಿನ ಮೇಲೆ ಜಾರಿದೆ. ನನ್ನ ಮೊಣಕಾಲು ಉಳಿಯಿತು; .308 ಕೋವಿ ಮಾತ್ರ ಸ್ಕೋಪ್ ಅಡಿಯಾಗಿ ಬಂಡೆಗೆ ಬಡಿಯಿತು. ನಳಿಗೆಯ ಬಾಯಿಗೆ ಕೆಸರು ಮೆತ್ತಿತ್ತು. ಆ ದಿನ ಅಲ್ಲಿಗೇ ಮುಗಿಯಿತು.

ಆಮೇಲೆ ಹೊಡೆದು ನೋಡಿದರೆ ನೂರು ಗಜದಲ್ಲಿ ಗುಂಡು ಏಳೆಂಟು ಇಂಚು ಬಲಕ್ಕೆ ಹೋಗುತ್ತಿತ್ತು. ಸ್ಕೋಪಿನ ಗುರಿ ತಿದ್ದುವ ಗುಂಡಿಯನ್ನು ಮೂವತ್ತು ಕ್ಲಿಕ್ (ಒಂದಕ್ಕೆ ನೂರು ಗಜದಲ್ಲಿ ಕಾಲಿಂಚು) ಎಡಕ್ಕೆ ತಿರುಗಿಸಿ ಗೆದ್ದೆ ಎಂದುಕೊಂಡೆ. ಮುಂದಿನ ಮೂರು ಈಡು ಮೂರು ದಿಕ್ಕಿಗೆ ಹೋದವು. ಹಟಕ್ಕೆ ಬಿದ್ದು ಎರಡು ಡಬ್ಬಿ ತೋಟಾ ಸುಟ್ಟೆ. ಅರವತ್ತು ಡಾಲರ್ ಹೊಗೆಯಾಯಿತು. ಸ್ಕೋಪಿನ ಸ್ಪ್ರಿಂಗ್ ಹೋಗಿದೆ ಎಂದು ಅಂಗಡಿಯವನು ಕೈಯಲ್ಲಿ ಹಿಡಿಯದೆಯೇ ತೀರ್ಪು ಕೊಟ್ಟು, ಇನ್ನೂರೈವತ್ತು ಡಾಲರಿನ ಹೊಸ ಮಾಲು ಮುಂದಿಟ್ಟ.

ಮನೆಗೆ ಬಂದು ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ವಿ ಆಕಾರದ ಕಚ್ಚು ಕೊಯ್ದು, ಬಿಚ್ಚಿದ ಸ್ಕೋಪನ್ನು ಅದರಲ್ಲಿಟ್ಟು ಉರುಳಿಸಿದೆ. ಒಳಗೆ ನೋಡಿದರೆ ಎದುರು ಮನೆಯ ಚಿಮಣಿಯ ಸುತ್ತ, ಗುರಿ ತೋರುವ ಅಡ್ಡ-ಉದ್ದ ಗೆರೆಗಳ ಕ್ರಾಸ್‌ಹೇರ್ ಗುಂಡಗೆ ಸುತ್ತಿತು. ಒಂದೊಂದೇ ಕ್ಲಿಕ್ ತಿದ್ದುತ್ತಾ ಹೋದಂತೆ ಸುತ್ತು ಕಿರಿದಾಗಿ ನಿಂತೇ ಹೋಯಿತು. ಕೊಳವೆ ತೀರಾ ಸೊಟ್ಟಗಾಗಿದ್ದರೆ ಹೀಗೆ ನಿಲ್ಲುವುದು ಅನುಮಾನ. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿದರೂ ಒಂದು ಗುಳ್ಳೆ ಏಳಲಿಲ್ಲ. ಮಂಜು ಕಟ್ಟದಿರಲೆಂದು ತುಂಬಿದ ಸಾರಜನಕ ಒಳಗೇ ಇದೆ ಎಂದಾಯಿತು. (ಲೆನ್ಸಿನ ಗೀರಿಗೆ ಟೂತ್‌ಪೇಸ್ಟ್ ಉಜ್ಜಿದ್ದು ನನ್ನ ಪೆದ್ದುತನ. ಗೀರು ಹಾಗೇ ಇದೆ, ನೇರಳೆ ಲೇಪ ಹೋಗಿದೆ.)

ಆಮೇಲೆ ಸ್ಕೋಪನ್ನು ಕೋವಿಗೆ ಕೂರಿಸುವ ಪಟ್ಟಿ, ಅಂದರೆ ಬೇಸ್ ಕಡೆ ತಿರುಗಿದೆ. ಮುಂದಿನ ಸ್ಕ್ರೂವಿನ ತಲೆಗೆ ಉಗುರು ತಾಗಿಸಿದ್ದೇ ತಡ, ಒಣಗಿದ ಗಾಯದ ಹಕ್ಕಳೆಯಂತೆ ಕಿತ್ತು ಬಂತು. ಕುತ್ತಿಗೆ ಎಂದೋ ಮುರಿದಿತ್ತು. ಪ್ರತಿ ಈಡಿಗೂ ಬೇಸ್ ಕೂದಲೆಳೆಯಷ್ಟು ಕದಲುತ್ತಿತ್ತು, ನಾನು ಗಾಜನ್ನು ಬೈಯುತ್ತಿದ್ದೆ! ಒಳಗುಳಿದ ತುಂಡನ್ನು ರಂಧ್ರದ ತಿರುಪಿನ ಗೆರೆ ಕೆಡದಂತೆ ಹೇಗೆ ತೆಗೆದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಎರಡು ರಾತ್ರಿಯ ಗಳಿಕೆ ಅದು.

ಹೊಸ ಬೇಸ್, ಸ್ಕೋಪನ್ನು ಸುತ್ತಿ ಹಿಡಿಯುವ ರಿಂಗ್, ಸ್ಕ್ರೂ ಎಲ್ಲಾ ಸೇರಿ ಐವತ್ತೋ ಐವತ್ತೈದೋ ಡಾಲರ್. ಒಂದಿಂಚಿನ ಸರಳಿಗೆ ಮಸೆಯುವ ಪೇಸ್ಟ್ ಹಚ್ಚಿ ರಿಂಗುಗಳನ್ನು ಉಜ್ಜಿ ಕೂರಿಸಿದೆ. ಈ ಸಲ ತೋಳ್ಬಲ ತೋರಿಸದೆ, ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರಿನಲ್ಲಿ ರಿಂಗಿಗೆ ಹದಿನೇಳು ಇಂಚು-ಪೌಂಡ್ ಇಟ್ಟು ನಿಲ್ಲಿಸಿದೆ. ಗುಂಡು ಹಾರಿಸುವ ಮೈದಾನದಲ್ಲಿ ಇಪ್ಪತ್ತು ಕ್ಲಿಕ್ ಮೇಲೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಗೆ, ಇಪ್ಪತ್ತು ಎಡಕ್ಕೆ ತಿರುಗಿಸುತ್ತಾ ಒಂದೊಂದು ಗುಂಡು ಹೊಡೆದೆ. ಹೆಚ್ಚುಕಡಿಮೆ ಐದೈದು ಇಂಚಿನ ಚೌಕ ಮೂಡಿತು. ಕೊನೆಯ ಗುಂಡು ಮೊದಲ ತೂತಿನ ಅಂಚನ್ನೇ ಕಚ್ಚಿತು.

ಕಸಕ್ಕೆ ಹಾಕು ಎಂದು ನಕ್ಕಿದ್ದ ಗೆಳೆಯನೊಬ್ಬ ಕಳೆದ ವಾರ ತನ್ನ ಸ್ಕೋಪನ್ನೂ ತಂದುಕೊಟ್ಟಿದ್ದಾನೆ. ಅಲುಗಿಸಿದರೆ ಒಳಗೆ ಗಾಜು ಗಲಗಲ ಎನ್ನುತ್ತದೆ. ಅವನಿಗೆ ಇನ್ನೂ ಹೇಳಿಲ್ಲ.