ಮಾಳಿಗೆ ಮೇಲಿನ ಸೋಲಾರಿಗೆ ಕೆಂಪು ಧೂಳು ಕೂತರೆ

ನಮ್ಮದು ಸಂಡೂರು ತಾಲ್ಲೂಕು. ಅದಿರು ಲಾರಿ ಓಡಾಡುವ ರಸ್ತೆ ಮನೆಗೆ ಕೂಗಳತೆ ದೂರ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಸನ್ಯಾಸಿಯದಾಗಿರುತ್ತದೆ. ಇಂಥ ಕಡೆ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆ, ಒಂಬತ್ತು ಪ್ಯಾನೆಲ್. ಕೂರಿಸಲು ಬಂದ ಹುಡುಗ "ಅಂಕಲ್, ಮಳೆ ಬಂದ್ರೆ ತಾನೇ ತೊಳ್ಕೊಂಡು ಹೋಗುತ್ತೆ ಬಿಡಿ" ಅಂದಿದ್ದ. ದೀಪಾವಳಿ ಕಳೆದರೆ ಯುಗಾದಿ ತನಕ ಇಲ್ಲಿ ಮಳೆ ಅಪರೂಪ. ಅವನಿಗೆ ತಿಳಿಯದಿದ್ದರೂ ನನಗಾದರೂ ಹೊಳೆಯಬೇಕಿತ್ತು.

ಡಿಸೆಂಬರಿನಲ್ಲಿ ದಿನಕ್ಕೆ 12–13 ಯೂನಿಟ್ ಕೊಡುತ್ತಿದ್ದದ್ದು, ಬಿಸಿಲು ಇನ್ನೂ ಚುರುಕಾದ ಫೆಬ್ರವರಿ ಕೊನೆಗೆ 10ಕ್ಕೆ ಇಳಿಯಿತು.

ಇಳಿದದ್ದಕ್ಕೆಲ್ಲ ಧೂಳನ್ನೇ ದೂರಬೇಡಿ. ಪ್ಯಾನೆಲ್ ಕಾದರೂ ಉತ್ಪಾದನೆ ಇಳಿಯುತ್ತದೆ. 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು. ಬೇಸಿಗೆ ಮಧ್ಯಾಹ್ನ ಆ ಗಾಜು ದೋಸೆ ಹಂಚೇ ಸರಿ. ಹಾಗಾಗಿ ಮೊದಲು ಅಳತೆ. ಮೋಡವಿಲ್ಲದ ದಿನ ಸರಿಯಾಗಿ 12 ಗಂಟೆಗೆ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ಒಗ್ಗಿಸುವ ಪೆಟ್ಟಿಗೆ) ತೋರಿಸುವ ಕಿಲೋವ್ಯಾಟ್ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಮರುದಿನ ನಸುಕಿಗೇ ತೊಳೆದು, ಮತ್ತೆ ಅದೇ 12ಕ್ಕೆ ನೋಡಿ. ನನ್ನದು 1.9 ಇದ್ದದ್ದು 2.3 ಆಯಿತು. ಅಂಕಿ ಅಲ್ಲಾಡದಿದ್ದರೆ ರೋಗ ಬೇರೆ, ತಿಕ್ಕಿ ಪ್ರಯೋಜನವಿಲ್ಲ.

ಧೂಳು ಎಲ್ಲ ಕಡೆ ಸಮನಾಗಿ ಕೂತರೆ ಬಿಸಿಲಿಗೊಂದು ತೆಳು ಪರದೆ, ಅಷ್ಟೇ. ನಿಜವಾದ ಕಳ್ಳ ಇರುವುದು ಕೆಳಅಂಚಿನಲ್ಲಿ. ರಾತ್ರಿಯ ಇಬ್ಬನಿ ಧೂಳನ್ನು ಕೆಳಕ್ಕೆ ಎಳೆದು ತಂದು ಅಲ್ಯೂಮಿನಿಯಂ ಫ್ರೇಮಿನ ತುಟಿಯ ಹತ್ತಿರ ಬಿಡುತ್ತದೆ. ದಿನವೂ ಒಂದೊಂದು ಪದರ, ಕೊನೆಗೆ ಎರಡು ಬೆರಳಗಲದ ಕೆಂಪು ಪಟ್ಟಿ, ಉಗುರಲ್ಲಿ ಕೆರೆದರೂ ಏಳುವುದಿಲ್ಲ. ಪ್ಯಾನೆಲ್ಲಿನ ಸೆಲ್‌ಗಳು, ಅಂದರೆ ಕರೆಂಟ್ ಹುಟ್ಟಿಸುವ ಚಿಕ್ಕ ಚೌಕಗಳು, ಒಂದಕ್ಕೊಂದು ಸರಣಿಯಲ್ಲಿ ಸೇರಿಕೊಂಡಿರುತ್ತವೆ. ಮನೆಗೆ ಮೌಲ್ಡ್ ಹಾಕುವಾಗ ಕೈಯಿಂದ ಕೈಗೆ ಬುಟ್ಟಿ ದಾಟಿಸುವ ಸಾಲಿನಲ್ಲಿ ಒಬ್ಬ ನಿಧಾನಿಸಿದರೆ ಎಲ್ಲರೂ ನಿಧಾನ, ಇದೂ ಹಾಗೆಯೇ. ಅದಕ್ಕೇ ಸೆಲ್‌ಗಳನ್ನು ಮೂರು ಗುಂಪು ಮಾಡಿ, ಸೋತ ಗುಂಪನ್ನು ಬಿಟ್ಟು ಕರೆಂಟ್ ಪಕ್ಕದಿಂದ ದಾಟಿ ಹೋಗಲು ಡಯೋಡ್ ಇಟ್ಟಿರುತ್ತಾರೆ. ಹಳೇ ಮಾದರಿಯ ಪ್ಯಾನೆಲ್ ನಿಲ್ಲಿಸಿದಂತೆ ಉದ್ದಕ್ಕಿದ್ದರೆ ಕೆಳಗಿನ ಪಟ್ಟಿ ಮೂರೂ ಗುಂಪನ್ನು ಹಿಡಿಯುತ್ತದೆ. ಮಲಗಿಸಿದಂತೆ ಅಡ್ಡಕ್ಕಿದ್ದರೆ ಒಂದನ್ನು ಮಾತ್ರ. ನನ್ನವು ಉದ್ದಕ್ಕಿವೆ. ಸಮಯವಿಲ್ಲದ ದಿನ ಉಳಿದದ್ದು ಬಿಟ್ಟು ಆ ಕೆಳಗಿನ ಒಂದು ಗೇಣು ಮಾತ್ರ ಒರೆಸಿ ಬರುತ್ತೇನೆ, ಜೊತೆಗೆ ಪಾರಿವಾಳದ ಹಿಕ್ಕೆ. ಹಿಕ್ಕೆ ಮುಚ್ಚಿದ ಸೆಲ್ ಕರೆಂಟ್ ಕೊಡುವ ಬದಲು ತಾನೇ ಕಾಯುತ್ತದೆ, ಕ್ರಮೇಣ ಕಂದು ಕಲೆ ಬಿದ್ದು ಸುಡಲೂಬಹುದು.

ತೊಳೆಯುವುದು ಸೂರ್ಯ ಏರುವ ಮೊದಲೇ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಭಯ. ಮೊದಲು ಇನ್ವರ್ಟರಿನ ಎಸಿ (ಮನೆ ಕಡೆಯ) ಸ್ವಿಚ್, ಆಮೇಲೆ ಡಿಸಿ (ಪ್ಯಾನೆಲ್ ಕಡೆಯ) ಸ್ವಿಚ್ ಆಫ್ ಮಾಡಿ. ಆದರೂ ಬೆಳಕಿರುವ ತನಕ ಒಂಬತ್ತು ಪ್ಯಾನೆಲ್ ಸಾಲಿನ ವೈರಿನಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ, ಜಾಯಿಂಟ್ ಮುಟ್ಟಬೇಡಿ. ಗಾಜು ಒಡೆದ ಪ್ಯಾನೆಲ್ಲಿಗೆ ನೀರು ಹಾಕಲೇಬೇಡಿ. ಒಣ ಬಟ್ಟೆಯಲ್ಲಿ ಒರೆಸಿದರೆ ಅದಿರಿನ ಪುಡಿ ಗಾಜು ಗೀಚುತ್ತದೆ. ಮೊದಲು ನೀರು ಚಿಮುಕಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಪ್ಲಾಸ್ಟಿಕ್ ಕೋಲಿನ ಮೆತ್ತನೆ ಮಾಪಿನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಸೋಪಿನ ಪುಡಿ, ಪಾತ್ರೆ ಉಜ್ಜುವ ತಂತಿ ನಾರು ಎರಡೂ ಬೇಡ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಕಣ್ಣಿಗೆ ಕಾಣದ ಬಿರುಕು ಒಳಗೆ ಬೀಳುತ್ತದೆ.

ನೀರಿನ ವಿಷಯದಲ್ಲಿ ನಾನೇ ಮೋಸ ಹೋದೆ. ಅಡುಗೆಮನೆಯ ಆರ್‌ಒ ಫಿಲ್ಟರ್ ಹೊರಬಿಡುವ ನೀರು ಸುಮ್ಮನೆ ಹೋಗುತ್ತಲ್ಲ ಎಂದು ಅದರಲ್ಲೇ ತೊಳೆದೆ. ಬೋರ್‌ವೆಲ್ಲಿನ ಉಪ್ಪೆಲ್ಲ ಗಟ್ಟಿಯಾಗಿ ಉಳಿಯುವುದು ಆ ನೀರಿನಲ್ಲೇ! ಗಾಜಿನ ತುಂಬ ಬಿಳಿ ಕಲೆ. ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಅದೇ. "ಕೆಂಪಿತ್ತು, ಈಗ ವಿಭೂತಿ ಹಚ್ಚಿ ಬಂದ್ರಿ" ಎಂದು ಮನೆಯಾಕೆ ನಕ್ಕಳು. ಈಗ ಮಳೆನೀರು ಹಿಡಿದ ಎರಡು ಡ್ರಮ್ ಇದಕ್ಕೇ ಮೀಸಲು. ಒಂದು ಸಲಕ್ಕೆ ಎರಡು ಬಕೆಟ್ ಸಾಕು.

ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇನೆ. ನಿಮ್ಮೂರಲ್ಲಿ ತಿಂಗಳಿಗೊಮ್ಮೆ ಸಾಕಾಗಬಹುದು, ಕ್ಯಾಲೆಂಡರಿನ ಅಂಕಿಯೇ ಹೇಳುತ್ತದೆ. ಜೋರು ಮಳೆ ಬಿದ್ದರೆ ಆ ಸಲ ರಜೆ. ಏಪ್ರಿಲಿನ ನಾಲ್ಕು ಹನಿ ಮಳೆಗೆ ಮಾತ್ರ ರಜೆಯಿಲ್ಲ. ಅದು ಧೂಳನ್ನು ತೊಳೆಯುವುದಿಲ್ಲ, ಕಲಸುತ್ತದೆ. ಬೆಳಿಗ್ಗೆ ನೋಡಿದರೆ ಪ್ಯಾನೆಲ್ಲಿಗೆಲ್ಲ ಚಿರತೆ ಮೈಯಂತೆ ಚುಕ್ಕಿ. ಮಾಪು ಹಿಡಿದು ಮತ್ತೆ ಮಾಳಿಗೆ ಹತ್ತುತ್ತೇನೆ.