ಮೋಡದೊಳಗೆ ಇಳಿಯುವಾಗ ತಲೆ ನೇರವಾಗಿರಲಿ

ಮೋಡದ ನಡುವೆ ಉಪಕರಣಗಳನ್ನಷ್ಟೇ ನೋಡಿಕೊಂಡು ರನ್‌ವೇಯತ್ತ ಇಳಿಯುವಾಗ, ವಿಮಾನ ಯಾವ ಕಡೆಗೆ ವಾಲಿದೆ ಎಂಬುದರ ಬಗ್ಗೆ ಪೈಲಟ್‌ನ ದೇಹ ತಪ್ಪು ಸುದ್ದಿ ಕೊಡುವುದುಂಟು. ಇದು ಹೊಸಬರಿಗೆ ಮಾತ್ರ ಬರುವ ತೊಂದರೆಯಲ್ಲ. ಒಳಕಿವಿ ಸರಿಯಾಗಿ ಕೆಲಸ ಮಾಡುವ ಯಾರಿಗಾದರೂ ಬರಬಹುದು, ನನಗೆ ಈಗಲೂ ಬರುತ್ತದೆ. ಒಂದೇ ಎಂಜಿನ್ನಿನ ಸಣ್ಣ ವಿಮಾನವನ್ನು ಹೆಚ್ಚಾಗಿ ಒಬ್ಬನೇ ಹಾರಿಸುವ ನಾನು, ಈ ಭ್ರಮೆ ಹುಟ್ಟುವ ಸಂದರ್ಭಗಳನ್ನು ಕಡಿಮೆ ಮಾಡುವ ಮತ್ತು ಹುಟ್ಟಿದರೂ ಅದು ನನ್ನ ಕೈಗಳ ತನಕ ಇಳಿಯದಂತೆ ನೋಡಿಕೊಳ್ಳುವ ಕ್ರಮವೊಂದನ್ನು ರೂಢಿಸಿಕೊಂಡಿದ್ದೇನೆ.

ಒಳಕಿವಿಯ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿದೆ. ತಲೆ ತಿರುಗತೊಡಗಿದಾಗ ಆ ದ್ರವ ತುಸು ಹಿಂದೆ ಉಳಿಯುತ್ತದೆ, ಮೆದುಳು ಅದನ್ನೇ ತಿರುವು ಎಂದು ತಿಳಿಯುತ್ತದೆ. ತಿರುವು ಒಂದೇ ವೇಗದಲ್ಲಿ ಮುಂದುವರಿದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ಅದೇ ವೇಗಕ್ಕೆ ಬಂದು, ತಿರುಗುತ್ತಿದ್ದೇವೆ ಎಂಬ ಅರಿವೇ ಅಳಿಸಿಹೋಗುತ್ತದೆ. ಅಪ್ರೋಚ್‌ನಲ್ಲಿ, ಅಂದರೆ ರನ್‌ವೇಯತ್ತ ಇಳಿದು ಬರುವ ಹಂತದಲ್ಲಿ, ನಾವು ಸಾಮಾನ್ಯವಾಗಿ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುತ್ತೇವೆ. 90 ಡಿಗ್ರಿ ತಿರುವಿಗೆ 30 ಸೆಕೆಂಡು ಬೇಕು. ಅಂದರೆ ರನ್‌ವೇಯ ನೇರವನ್ನು ತೋರಿಸುವ ರೇಡಿಯೋ ಸಂಕೇತವಾದ ಲೋಕಲೈಜರ್‌ನ ಮುಳ್ಳು ಕದಲಿ, ರೆಕ್ಕೆಗಳನ್ನು ಸಮಕ್ಕೆ ತರುವ ಹೊತ್ತಿಗೆ ದೇಹ ಆ ತಿರುವನ್ನು ಪೂರ್ತಿ ಮರೆತಿರುತ್ತದೆ, ಆದ್ದರಿಂದ ಸಮಕ್ಕೆ ಬಂದದ್ದೇ ಎದುರು ದಿಕ್ಕಿನ ತಿರುವಿನಂತೆ ಭಾಸವಾಗುತ್ತದೆ. ಅದೇ ಕ್ಷಣಕ್ಕೆ ಕಂಟ್ರೋಲರ್ ಅನುಮತಿ ಹೇಳುತ್ತಾರೆ, ರೇಡಿಯೋ ಫ್ರೀಕ್ವೆನ್ಸಿ ಬದಲಿಸಬೇಕಾಗುತ್ತದೆ, ಚಾರ್ಟಿನಲ್ಲಿ ಮುಂದಿನ ಎತ್ತರವನ್ನು ನೋಡಬೇಕಾಗುತ್ತದೆ. ತಿರುವಿನ ಮಧ್ಯದಲ್ಲಿ ಇವುಗಳಿಗಾಗಿ ತಲೆ ಬಗ್ಗಿಸಿದರೆ ಇನ್ನೊಂದು ನಾಳದ ದ್ರವವೂ ಕಲಕಿ, ವಿಮಾನವೇ ಮಗುಚುತ್ತಿದೆ ಎನ್ನುವಷ್ಟು ತೀವ್ರವಾದ ಭ್ರಮೆ ಏಳುತ್ತದೆ.

ಆದ್ದರಿಂದ ನನ್ನ ಕ್ರಮದ ಬಹುಭಾಗ ತಲೆಯನ್ನು ಅಲುಗಾಡಿಸದೆ ಕೆಲಸ ಮಾಡುವುದಕ್ಕೆ ಸಂಬಂಧಿಸಿದ್ದು. ಚಾರ್ಟನ್ನು ತೊಡೆಯ ಮೇಲಿನ ಹಲಗೆಯಿಂದ ತೆಗೆದು ಯೋಕ್‌ನ, ಅಂದರೆ ವಿಮಾನದ ಚುಕ್ಕಾಣಿಯ, ಮೇಲಿನ ಕ್ಲಿಪ್ಪಿಗೆ ಸಿಕ್ಕಿಸಿದ್ದೇನೆ. ಅಲ್ಲಿಗೆ ಕಣ್ಣು ಇಳಿದರೆ ಸಾಕು, ಕತ್ತು ಬಾಗಬೇಕಿಲ್ಲ. ನನ್ನ ವಿಮಾನದಲ್ಲಿ ಇಂಧನದ ಸೆಲೆಕ್ಟರ್ ನೆಲದ ಹತ್ತಿರವಿರುವುದರಿಂದ, ಟ್ಯಾಂಕ್ ಬದಲಿಸುವುದಿದ್ದರೆ ಅಪ್ರೋಚ್ ಆರಂಭವಾಗುವ ಮೊದಲೇ, ನೇರ ಹಾರಾಟದಲ್ಲಿರುವಾಗಲೇ ಬದಲಿಸುತ್ತೇನೆ. ಟವರ್‌ನ ಫ್ರೀಕ್ವೆನ್ಸಿಯನ್ನು ಮೊದಲೇ ಸ್ಟ್ಯಾಂಡ್‌ಬೈನಲ್ಲಿ ಕೂರಿಸಿಟ್ಟಿರುತ್ತೇನೆ. ತಿರುವಿನಲ್ಲಿರುವಾಗ ಕಂಟ್ರೋಲರ್ ಹೇಳಿದ್ದನ್ನು ಬಾಯಲ್ಲಿ ಮರುನುಡಿಯುತ್ತೇನೆ, ಬರೆದುಕೊಳ್ಳುವುದು ರೆಕ್ಕೆಗಳು ಸಮವಾದ ಮೇಲೆ. ಪೆನ್ನು ಜಾರಿ ಬಿದ್ದರೆ, ವಿಮಾನ ಇಳಿದು ನಿಲ್ಲುವ ತನಕ ಅದು ಬಿದ್ದಲ್ಲೇ ಇರುತ್ತದೆ.

ಅಂಕಿಗಳನ್ನು ಮೊದಲೇ ತಿಳಿದಿರುವುದೂ ಅಷ್ಟೇ ಮುಖ್ಯ. 90 ನಾಟ್ ವೇಗದಲ್ಲಿ 3 ಡಿಗ್ರಿಯ ಗ್ಲೈಡ್ ಸ್ಲೋಪ್ (ಇಳಿಜಾರಿನ ದಾರಿ) ಹಿಡಿದು ಇಳಿಯಲು, ಗಾಳಿಯಿಲ್ಲದಿದ್ದರೆ, ನಿಮಿಷಕ್ಕೆ ಸುಮಾರು 475 ಅಡಿ ಇಳಿಕೆ ಬೇಕು, ಮತ್ತು ಅದನ್ನು ಕೊಡುವ ಪವರ್ ನನ್ನ ವಿಮಾನದಲ್ಲಿ ಎಷ್ಟೆಂಬುದನ್ನು ತಿಳಿ ಆಕಾಶದಲ್ಲಿಯೇ ಗೊತ್ತುಮಾಡಿಕೊಂಡಿದ್ದೇನೆ. ಯಾವ ಮುಳ್ಳು ಎಲ್ಲಿರಬೇಕು ಎಂದು ಗೊತ್ತಿರುವವನಿಗೆ ದೇಹದ ಅಭಿಪ್ರಾಯ ಕೇಳುವ ಅಗತ್ಯ ಬೀಳುವುದಿಲ್ಲ.

ಒಂದು ಸಂಜೆ ಮಳೆಮೋಡದೊಳಗೆ ದೀರ್ಘವಾದ ಎಡ ತಿರುವಿನಿಂದ ಹೊರಬಂದು ಲೋಕಲೈಜರ್ ಹಿಡಿದಾಗ, ವಿಮಾನ ಬಲಕ್ಕೆ ಬಲವಾಗಿ ವಾಲಿದೆ ಎಂದು ನನ್ನ ದೇಹ ಪಟ್ಟು ಹಿಡಿಯಿತು. ವಿಮಾನದ ಭಂಗಿ ತೋರಿಸುವ ಉಪಕರಣವಾದ ಕೃತಕ ದಿಗಂತದಲ್ಲಿ ರೆಕ್ಕೆಗಳು ಸಮವಾಗಿದ್ದವು, ಟರ್ನ್ ಕೋಆರ್ಡಿನೇಟರ್ ತಿರುವಿಲ್ಲ ಎನ್ನುತ್ತಿತ್ತು, ಹೆಡಿಂಗ್ (ಮೂತಿ ಇರುವ ದಿಕ್ಕು) ಕದಲುತ್ತಿರಲಿಲ್ಲ. ಆದರೂ ಕತ್ತು ತಾನಾಗಿ ಎಡಕ್ಕೆ ಸರಿಯುತ್ತಿತ್ತು, ಎಡಗೈ ಯೋಕನ್ನು ಎಡಕ್ಕೆ ಒತ್ತಲು ಹವಣಿಸುತ್ತಿತ್ತು. ನಾನು ಹಿಡಿತವನ್ನು ಹೆಬ್ಬೆರಳು ಮತ್ತು ಇನ್ನೆರಡು ಬೆರಳುಗಳಿಗೆ ಇಳಿಸಿದೆ; ಟ್ರಿಮ್ ಸರಿಯಾಗಿದ್ದ ವಿಮಾನ ತನ್ನಷ್ಟಕ್ಕೆ ನೇರ ಹೋಗುತ್ತಿತ್ತು. ಬಳಿಕ “ರೆಕ್ಕೆ ಸಮ, ಹೆಡಿಂಗ್ ಸ್ಥಿರ, ವೇಗ 90” ಎಂದು ಗಟ್ಟಿಯಾಗಿ ಹೇಳುತ್ತಾ ಮುಳ್ಳುಗಳನ್ನು ಒಂದೊಂದಾಗಿ ನೋಡುತ್ತಾ ಬಂದೆ. ಭ್ರಮೆ ಹೋಗಲಿಲ್ಲ, ರನ್‌ವೇ ದೀಪಗಳು ಕಾಣುವ ತನಕವೂ ಜೊತೆಗೇ ಇತ್ತು. ಅದು ಹೋಗಲೇಬೇಕೆಂದು ಕಾಯುವುದು ಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಹೆಚ್ಚು ಹೆದರುವುದು ಗೋ-ಅರೌಂಡಿಗೆ. ಸಾಮಾನ್ಯ ಐಎಲ್‌ಎಸ್ (ಲೋಕಲೈಜರ್ ಮತ್ತು ಗ್ಲೈಡ್ ಸ್ಲೋಪ್ ಹಿಡಿದು ಇಳಿಯುವ) ಅಪ್ರೋಚ್‌ನಲ್ಲಿ 200 ಅಡಿಯ ಎತ್ತರಕ್ಕೆ ಬಂದರೂ ರನ್‌ವೇ ಕಾಣದಿದ್ದರೆ ಪೂರ್ತಿ ಪವರ್ ಕೊಟ್ಟು ಮೇಲೇರಬೇಕು. ವೇಗ ಹೆಚ್ಚುವಾಗ ಬೆನ್ನು ಸೀಟಿಗೆ ಒತ್ತುತ್ತದೆ, ಒಳಕಿವಿ ಅದನ್ನು ಮೂತಿ ವಿಪರೀತ ಮೇಲೆದ್ದಂತೆ ಗ್ರಹಿಸುತ್ತದೆ, ಆಗ ಯೋಕನ್ನು ಮುಂದಕ್ಕೆ ತಳ್ಳುವ ಆಸೆ ಬಲವಾಗುತ್ತದೆ. ಕೆಳಗೆ ತಿದ್ದಿಕೊಳ್ಳಲು ಜಾಗವಿರುವುದಿಲ್ಲ. ಹಾಗಾಗಿ ಪವರ್ ಕೊಟ್ಟ ಕೂಡಲೇ ಮೂತಿಯನ್ನು ಕೃತಕ ದಿಗಂತದ ಮೇಲೆ ಗೊತ್ತಾದ ಗುರುತಿಗೆ ತಂದು ನಿಲ್ಲಿಸುತ್ತೇನೆ. ಆಲ್ಟಿಮೀಟರ್ ಏರುತ್ತಿದೆ ಎಂದು ಖಚಿತವಾದ ಮೇಲೆ ರೆಕ್ಕೆಯ ಫ್ಲ್ಯಾಪ್ ಮಡಚುವುದು, ಎಲ್ಲಕ್ಕೂ ಕೊನೆಗೆ ರೇಡಿಯೋ. ಮೋಡದ ಬಿರುಕಿನಲ್ಲಿ ಮಿಂಚಿದ ದೀಪವನ್ನು ಮತ್ತೆ ಹುಡುಕಲು ಹೊರಗೆ ನೋಡುವುದಿಲ್ಲ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ನಡೆಸಿದ ಪ್ರಯೋಗದಲ್ಲಿ, ಉಪಕರಣ ಹಾರಾಟದ ತರಬೇತಿ ಇಲ್ಲದ 20 ಮಂದಿ ಹೊರಗಿನ ನೋಟ ತಪ್ಪಿದ ಮೇಲೆ ಸರಾಸರಿ 178 ಸೆಕೆಂಡುಗಳಲ್ಲಿ ವಿಮಾನದ ಮೇಲಿನ ಹತೋಟಿ ಕಳೆದುಕೊಂಡರು. ತರಬೇತಿ ಪಡೆದವರಿಗೂ ಅಭ್ಯಾಸ ತಪ್ಪಿದರೆ ಈ ಅಂಕಿ ಹತ್ತಿರ ಬರುತ್ತದೆ ಎಂದೇ ನಾನು ಭಾವಿಸುತ್ತೇನೆ. ಆದ್ದರಿಂದ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣು ಮುಚ್ಚಿ ತಲೆ ತಗ್ಗಿಸಿ, ಅವರು ವಿಮಾನವನ್ನು ಬೇಕಾದ ಭಂಗಿಗೆ ತಂದು “ಈಗ ಸರಿಪಡಿಸಿ” ಎಂದಾಗ ಉಪಕರಣ ನೋಡಿ ಸಮಕ್ಕೆ ತರುವ ಅಭ್ಯಾಸವನ್ನು ನಿಯಮಿತವಾಗಿ ಮಾಡುತ್ತೇನೆ. ಅದರ ಕೊನೆಯ ಭಾಗದಲ್ಲಿ ಅವರು ಕೃತಕ ದಿಗಂತವನ್ನು ಮುಚ್ಚುತ್ತಾರೆ. ಹಳೆಯ ಸಣ್ಣ ವಿಮಾನಗಳಲ್ಲಿ ಆ ಉಪಕರಣ ನಡೆಯುವುದು ಸಾಮಾನ್ಯವಾಗಿ ವ್ಯಾಕ್ಯೂಮ್ ಪಂಪಿನಿಂದ; ಪಂಪು ಕೆಟ್ಟರೆ ಅದು ಥಟ್ಟನೆ ಬಿದ್ದುಹೋಗದೆ ನಿಧಾನವಾಗಿ ವಾಲುತ್ತಾ ಸುಳ್ಳು ಹೇಳುತ್ತದೆ. ವಿದ್ಯುತ್ತಿನಿಂದ ನಡೆಯುವ ಟರ್ನ್ ಕೋಆರ್ಡಿನೇಟರ್ ಜೊತೆ ತಾಳೆ ನೋಡದೆ ಅದನ್ನು ಹಿಡಿಯಲಾಗದು. ಕೆಟ್ಟ ಉಪಕರಣದ ಮುಖಕ್ಕೆ ಅಂಟಿಸಲು ರಬ್ಬರಿನ ಮುಚ್ಚಳವೊಂದನ್ನು ಡ್ಯಾಶ್‌ಬೋರ್ಡಿನ ಮೇಲೆ ಕೈಗೆಟಕುವಂತೆ ಇಟ್ಟಿದ್ದೇನೆ. ತೆರೆದಿದ್ದರೆ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ರಾತ್ರಿ ಒಬ್ಬನೇ ಇರುವಾಗ, ಆಟೋಪೈಲಟ್ ಕೆಲಸ ಮಾಡದಿದ್ದರೆ, 200 ಅಡಿಯ ತನಕ ನಾನು ಇಳಿಯುವುದಿಲ್ಲ. ಮೋಡದ ತಳ 600 ಅಡಿಗಿಂತ ಕೆಳಗಿದೆ ಎಂದು ಹವಾಮಾನ ವರದಿ ಹೇಳಿದರೆ ಬೇರೆ ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ, ಅದಕ್ಕೆ ಬೇಕಾದ ಇಂಧನವನ್ನು ಹೊರಡುವಾಗಲೇ ತುಂಬಿಸಿಕೊಂಡಿರುತ್ತೇನೆ.