ಮೂರು ತಲೆಮಾರಿನ ಹೆರಿಗೆಗಳ ಲೆಕ್ಕ ತೆಗೆಯುವ ಬಗೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಆಗುವ ಮಕ್ಕಳ ಸಂಖ್ಯೆ, 1.7. ಜನಸಂಖ್ಯೆ ಕುಗ್ಗದೆ ಉಳಿಯಲು 2.1 ಬೇಕು. ಹಿಂದೆ ಹೆಚ್ಚಿದ್ದ ದರ ಇಲ್ಲಿಗೆ ಇಳಿದದ್ದು ಮನೆಯೊಳಗೆ ಹೇಗೆ ಎಂದು ತಿಳಿಯಬೇಕಾದರೆ ಒಂದೇ ಮನೆತನದ ಹೆಂಗಸರ ಲೆಕ್ಕ ತೆಗೆಯಿರಿ. ಮೂವತ್ತು ಜನರಾದರೆ ಸಾಕು.

ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಮಾಡಿ. ಮುತ್ತಜ್ಜ–ಮುತ್ತಜ್ಜಿಯ ಹೆಣ್ಣುಮಕ್ಕಳು, ಸೊಸೆಯಂದಿರು, ಆಮೇಲೆ ಅವರ ಹೆಣ್ಣುಮಕ್ಕಳು, ಸೊಸೆಯಂದಿರು, ಹೀಗೆ. ಈಗಿನ ಮೊಮ್ಮಕ್ಕಳನ್ನು ಹಿಡಿದು ಹಿಂದಕ್ಕೆ ಹೋದರೆ ಮಕ್ಕಳಾಗದ ಅಜ್ಜಿಯರು ಪಟ್ಟಿಗೇ ಬರುವುದಿಲ್ಲ, ಹಳೆಯ ಕಾಲದ ಸರಾಸರಿ ಸುಳ್ಳಾಗಿ ಏರುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಮಗಳ ಸಾಲಿನಲ್ಲೂ ಸೊಸೆಯ ಸಾಲಿನಲ್ಲೂ ಸಿಗುತ್ತಾರೆ. ಅವರನ್ನು ಒಂದೇ ಸಲ ಬರೆದುಕೊಳ್ಳಿ. ಮದುವೆಯಾಗದವರನ್ನೂ ಬಿಡಬೇಡಿ.

ಒಬ್ಬೊಬ್ಬರಿಗೆ ಒಂದು ಪುಟ. ಹುಟ್ಟಿದ ವರ್ಷ, ಎಷ್ಟನೇ ಕ್ಲಾಸಿನವರೆಗೆ ಓದಿದ್ದು, ಮದುವೆಯಾದ ವರ್ಷ, ಪ್ರತಿ ಹೆರಿಗೆಯ ವರ್ಷ, ಮಗು ಗಂಡೋ ಹೆಣ್ಣೋ, ಉಳಿಯಿತೋ ಇಲ್ಲವೋ, ಮಕ್ಕಳಾಗದಂತೆ ಆಪರೇಷನ್ ಆಗಿದ್ದರೆ ಅದರ ವರ್ಷ. “ಎಷ್ಟು ಮಕ್ಕಳು?” ಎಂದು ಕೇಳಿದರೆ ಬದುಕಿರುವವರ ಸಂಖ್ಯೆ ಮಾತ್ರ ಬರುತ್ತದೆ. “ಎಷ್ಟು ಹೆತ್ತಿರಿ ಅಜ್ಜಿ, ಎಷ್ಟು ಉಳಿದವು?” ಎಂದು ಕೇಳಬೇಕು. ಎರಡು ಹೆರಿಗೆಗಳ ನಡುವೆ ನಾಲ್ಕು ವರ್ಷಕ್ಕಿಂತ ಹೆಚ್ಚು ಅಂತರ ಕಂಡರೆ ನಡುವೆ ಯಾವುದಾದರೂ ಹೋಯಿತೇ ಎಂದು ಮೆಲ್ಲಗೆ ವಿಚಾರಿಸಿ. ಸೊಸೆಯಂದಿರು ಎದುರಿಗಿದ್ದರೆ ಈ ಉತ್ತರ ಬರುವುದು ಕಷ್ಟ.

ವಯಸ್ಸು ಹೇಳುವಾಗ ಎಲ್ಲರೂ 20, 25, 30 ಎಂದು ಸರಿಮಾಡಿಬಿಡುತ್ತಾರೆ. ಅದನ್ನು ನಂಬದೆ ಊರಿಗೆಲ್ಲ ನೆನಪಿರುವ ಘಟನೆಗೆ ಕಟ್ಟಿ ಕೇಳಿ: 1975ರ ತುರ್ತುಪರಿಸ್ಥಿತಿ, 1984ರಲ್ಲಿ ಇಂದಿರಾ ಗಾಂಧಿ ಹತ್ಯೆ. “ವೀರಪ್ಪನ್ ರಾಜ್‌ಕುಮಾರರನ್ನು ಹೊತ್ತೊಯ್ದಾಗ ಕಿರಿಯವನು ಕೈಗೂಸೋ, ಓಡಾಡುತ್ತಿದ್ದನೋ?” ಎಂದರೆ ಅದು 2000ದ ಜುಲೈ ಕೊನೆ, ಉತ್ತರ ಒಂದು ವರ್ಷದ ಆಚೀಚೆಗೆ ಸರಿಯಾಗಿ ಕೂರುತ್ತದೆ.

ಲೆಕ್ಕ ಸುಲಭ. ತಲೆಮಾರಿನ ಒಟ್ಟು ಜೀವಂತ ಜನನಗಳನ್ನು ಆ ತಲೆಮಾರಿನ ಎಲ್ಲ ಹೆಂಗಸರ ಸಂಖ್ಯೆಯಿಂದ ಭಾಗಿಸಿ, ಸೊನ್ನೆಯವರೂ ಸೇರಿ. ಒಂಬತ್ತು ಜನರಿಂದ 54 ಮಕ್ಕಳಾದರೆ 6. ನಲವತ್ತೈದು ತುಂಬದವರ ಲೆಕ್ಕ ಇನ್ನೂ ಮುಗಿದಿಲ್ಲ, ಅವರನ್ನು ಬೇರೆ ಇಡಿ. ಸೇರಿಸಿದರೆ ಇಳಿಕೆ ಇರುವುದಕ್ಕಿಂತ ಕಡಿದಾಗಿ ಕಾಣುತ್ತದೆ.

ಸರಾಸರಿಗಿಂತ ಮುಖ್ಯವಾದದ್ದು ಕಡೇ ಹೆರಿಗೆಯ ವಯಸ್ಸು. ಮದುವೆಯ ವಯಸ್ಸು ಮೂರು ನಾಲ್ಕು ವರ್ಷ ಮಾತ್ರ ಮುಂದೆ ಹೋಗಿ, ಕಡೇ ಹೆರಿಗೆ ಮೂವತ್ತೆಂಟರಿಂದ ಇಪ್ಪತ್ತೈದರ ಸುಮಾರಿಗೆ ಇಳಿದಿದ್ದರೆ, ನಿಮ್ಮ ಮನೆಯಲ್ಲಿ ಇಳಿಕೆ ಬಂದದ್ದು ತಡವಾದ ಮದುವೆಯಿಂದಲ್ಲ, ಬೇಗ ನಿಲ್ಲಿಸಿದ್ದರಿಂದ. ಕರ್ನಾಟಕದ ದಾರಿ ಬಹುಪಾಲು ಇದೇ. ಅದೇ ಸಮೀಕ್ಷೆಯಲ್ಲಿ 15–49ರ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಪರೇಷನ್ ಆಗಿದೆ, ಗಂಡಸರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ “ಹೆಂಗಸರು ಓದಿ ಮದುವೆಯನ್ನೇ ಮುಂದೂಡಿದರು, ಅದಕ್ಕೇ ಮಕ್ಕಳಿಲ್ಲ” ಎಂಬ ದೂರನ್ನು ಕಡೇ ಹೆರಿಗೆಯ ವಯಸ್ಸು ನೋಡದೆ ಒಪ್ಪಬೇಡಿ. ಹೊರೆ ಹೊತ್ತವರನ್ನೇ ದೂರಿದಂತಾಗುತ್ತದೆ.

ಮೊದಲೆರಡೂ ಹೆಣ್ಣಾದ ಮನೆಗಳನ್ನು ಬೇರೆ ತೆಗೆದು ನೋಡಿ. ಅಲ್ಲಿ ಮಾತ್ರ ಮೂರನೆಯದು, ನಾಲ್ಕನೆಯದು ಬಂದಿದ್ದರೆ ಗಂಡುಮಗುವಿನ ಆಸೆ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ.

ಪುಟದಲ್ಲಿ ಬರೆಯಬೇಕಾದ ಇನ್ನೊಂದು ವಿವರ ಶಾಲೆಯದು: ಆ ಮನೆಯ ಮಕ್ಕಳು ದನ ಕಾಯುವುದನ್ನು ಬಿಟ್ಟು ಹೈಸ್ಕೂಲಿಗೆ ಹೋದದ್ದು ಯಾವಾಗ, ಮೊದಲ ಸಲ ಫೀಸು ಕಟ್ಟಿದ್ದು ಯಾವಾಗ. ಜನಸಂಖ್ಯಾ ಸಂಶೋಧಕರಾದ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಸಂಗಡಿಗರು ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಒತ್ತಿ ಹೇಳಿದ್ದೂ ಇದನ್ನೇ: ಶಾಲೆಗೆ ಹೋಗುವ ಮಗು ದುಡಿಯುವ ಕೈಯಾಗಿ ಉಳಿಯದೆ ಖರ್ಚಿನ ಬಾಬತ್ತಾಯಿತು. ಶಾಲೆಯ ವರ್ಷವನ್ನೂ ಆಪರೇಷನ್ನಿನ ವರ್ಷವನ್ನೂ ಅಕ್ಕಪಕ್ಕ ಬರೆದು, ಎರಡೂ ಹತ್ತಿರ ಬರುತ್ತವೆಯೇ ನೋಡಿ.

ಮಕ್ಕಳಿಲ್ಲದವರ ಪುಟದಲ್ಲಿ ಸೊನ್ನೆ ಬರೆದು ನಿಲ್ಲಿಸಿ. ಕಾರಣವನ್ನು ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.